ಮಸಾಯಿ, ಲುವೋ, ಕಲೆಂಜಿನ್: ನೈಲೋಟಿಕ್ ಭಾಷೆಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಸೀನಿಯರ್‌ಗಳಿಂದ ಬಂದ ಹಳೆಯ ನೋಟ್ಸ್‌ನಲ್ಲಿ ಮಸಾಯಿ, ನಾಂದಿ, ತುರ್ಕಾನಾ ಜನರ ಭಾಷೆಗಳನ್ನು ‘ನೈಲೋ-ಹ್ಯಾಮಿಟಿಕ್’ ಅಂತ ಬರೆದಿದ್ದಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ‘ನೈಲೋಟಿಕ್’ ಅಂತಿದೆ. ಇನ್ನೊಂದು ಕಡೆ ‘ನೈಲೋ-ಸಹಾರನ್’ ಅಂತಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಸರ್?

ಉತ್ತರ: ‘ನೈಲೋಟಿಕ್’ ಅಂತಲೇ ಬರೆಯಿರಿ. ‘ನೈಲೋ-ಹ್ಯಾಮಿಟಿಕ್’ ಅನ್ನುವುದನ್ನು ಆ ನೋಟ್ಸ್‌ನಿಂದ ಹೊಡೆದುಹಾಕಿ, ನಿಮ್ಮ ಜೂನಿಯರ್‌ಗಳಿಗೆ ಅದು ಹಾಗೇ ದಾಟದಿರಲಿ. ಆದರೆ ಆ ಪದ ಎಲ್ಲಿಂದ ಬಂತು, ಯಾಕೆ ಬಿದ್ದುಹೋಯಿತು ಅನ್ನುವುದು ಗೊತ್ತಿರಲೇಬೇಕು. ಮಾನವಶಾಸ್ತ್ರ ಓದುವವರಿಗಂತೂ ಇದು ಮುಖ್ಯ.

ಮೊದಲು ಕುಟುಂಬದ ಪರಿಚಯ. ದಕ್ಷಿಣ ಸುಡಾನ್, ಇಥಿಯೋಪಿಯಾದ ಪಶ್ಚಿಮ ಅಂಚು, ಉತ್ತರ ಉಗಾಂಡಾ, ಪಶ್ಚಿಮ ಕೀನ್ಯಾ, ಉತ್ತರ ಟಾಂಜಾನಿಯಾ, ಇಷ್ಟು ಕಡೆ ಈ ಭಾಷೆಗಳು ಹರಡಿವೆ. ಮೂರು ಶಾಖೆಗಳಿವೆ. ಪಶ್ಚಿಮ ಶಾಖೆಯಲ್ಲಿ ದಿಂಕಾ, ನುಯೆರ್, ಶಿಲ್ಲುಕ್, ಅಚೋಲಿ, ಲುವೋ. ಪೂರ್ವ ಶಾಖೆಯಲ್ಲಿ ಬಾರಿ, ತುರ್ಕಾನಾ, ಕರಮೋಜೋಂಗ್, ತೇಸೊ, ಮಸಾಯಿ, ಸಂಬುರು. ದಕ್ಷಿಣ ಶಾಖೆಯಲ್ಲಿ ನಾಂದಿ, ಕಿಪ್ಸಿಗಿಸ್, ಪೊಕೋಟ್ ಮುಂತಾದ ಕಲೆಂಜಿನ್ ಗುಂಪಿನವು ಮತ್ತು ಟಾಂಜಾನಿಯಾದ ದಟೋಗಾ. ನುಯೆರ್ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಬರೆದದ್ದನ್ನು ಓದಿಯೇ ನೀವು ಎಂ.ಎ.ಗೆ ಬಂದಿರುತ್ತೀರಿ, ಹಾಗಾಗಿ ಅವರು ನಿಮಗೆ ಹೊಸಬರಲ್ಲ.

ಈಗ ಗೊಂದಲದ ವಿಷಯ. ನೂರು ವರ್ಷಗಳ ಹಿಂದೆ ಯುರೋಪಿನ ವಿದ್ವಾಂಸರು ಈ ಕುಟುಂಬವನ್ನು ಎರಡು ತುಂಡು ಮಾಡಿದ್ದರು. ದಿಂಕಾ, ನುಯೆರ್, ಲುವೋ ಮಾತ್ರ ‘ನಿಜವಾದ’ ನೈಲೋಟಿಕ್. ಮಸಾಯಿ, ನಾಂದಿ ಮುಂತಾದವು ‘ಹ್ಯಾಮಿಟಿಕ್’, ಅಥವಾ ಬೆರಕೆ ಆದದ್ದರಿಂದ ‘ನೈಲೋ-ಹ್ಯಾಮಿಟಿಕ್’. ಬೈಬಲ್‌ನಲ್ಲಿ ನೋಹನ ಮಗ ಹಾಮ್ ಬರುತ್ತಾನಲ್ಲ, ಆ ಹೆಸರಿನಿಂದ ಬಂದ ಪದ ಇದು. ಜರ್ಮನಿಯ ಕಾರ್ಲ್ ಮೈನ್‌ಹೋಫ್ 1912ರಲ್ಲಿ ಮಸಾಯಿಯನ್ನು ಹ್ಯಾಮಿಟಿಕ್ ಭಾಷೆಗಳ ಸಾಲಿಗೆ ಸೇರಿಸಿದರು. 1930ರಲ್ಲಿ ಬ್ರಿಟನ್ನಿನ ಮಾನವಶಾಸ್ತ್ರಜ್ಞ ಸೆಲಿಗ್‌ಮನ್ ಇದನ್ನೇ ಜನಾಂಗದ ಸಿದ್ಧಾಂತವಾಗಿ ಬೆಳೆಸಿದರು: ಉತ್ತರದಿಂದ ಬಿಳಿಯರಿಗೆ ಹತ್ತಿರದ ಒಂದು ಪಶುಪಾಲಕ ಜನಾಂಗ ಬಂತು, ಆಫ್ರಿಕಾದಲ್ಲಿ ನಾಗರಿಕತೆ ಅಂತ ಏನು ಕಂಡರೂ ಅದು ಅವರದ್ದೇ ಕೊಡುಗೆ, ಅಂತ.

ಇದಕ್ಕೆ ಆಧಾರ ಏನಿತ್ತು? ದನ ಸಾಕುತ್ತಾರೆ. ಎತ್ತರವಾಗಿ, ತೆಳ್ಳಗೆ ಇದ್ದಾರೆ. ಮೂಗು ಹೀಗಿದೆ, ಬಣ್ಣ ಹಾಗಿದೆ. ಇವೆಲ್ಲ ಭಾಷೆಯ ಲಕ್ಷಣಗಳಾ? ದಿಂಕಾ ಜನರೂ ಎತ್ತರವೇ, ಅವರೂ ದನದ ಮೇಲೆ ಜೀವ ಇಟ್ಟುಕೊಂಡವರೇ, ಆದರೂ ಅವರನ್ನು ಬೇರೆ ಪೆಟ್ಟಿಗೆಗೆ ಹಾಕಿದ್ದರು. ಭಾಷೆಯಿಂದ ಕೊಟ್ಟ ಕಾರಣ ಮುಖ್ಯವಾಗಿ ಒಂದು, ಲಿಂಗಭೇದ. ಮಸಾಯಿಯಲ್ಲಿ ನಾಮಪದದ ಮುಂದೆ ಗಂಡಿಗೆ ‘ಓಲ್’, ಹೆಣ್ಣಿಗೆ ‘ಎನ್’ ಅಂತ ಸೇರುತ್ತದೆ. ಲಿಂಗಭೇದ ಇರುವುದು ಹ್ಯಾಮಿಟಿಕ್ ಭಾಷೆಗಳ ಗುರುತು ಅಂತ ಮೈನ್‌ಹೋಫ್ ನಂಬಿದ್ದರು. ಸರಿ, ಮಸಾಯಿ ಅಲ್ಲಿಗೆ ಹೋಯಿತು.

ಈ ವಾದ ನಿಲ್ಲುವುದಿಲ್ಲ. ಲಿಂಗ, ವಚನದಂಥ ವ್ಯವಸ್ಥೆ ಯಾವ ಭಾಷೆಯಲ್ಲಿ ಬೇಕಾದರೂ ತಾನಾಗಿ ಹುಟ್ಟಬಹುದು, ಅಳಿಯಲೂಬಹುದು. ಸಂಬಂಧ ತೋರಿಸಬೇಕಾದರೆ ದಿನಬಳಕೆಯ ಪದಗಳಲ್ಲಿ, ಪ್ರತ್ಯಯಗಳಲ್ಲಿ ಉಚ್ಚಾರ ಮತ್ತು ಅರ್ಥ ಎರಡೂ ಕ್ರಮವಾಗಿ ಹೊಂದಿಕೊಳ್ಳಬೇಕು. ಒಂದು ಪದ ತೆಗೆದುಕೊಳ್ಳಿ, ‘ನಾಲ್ಕು’. ದಿಂಕಾ ಮತ್ತು ನುಯೆರ್‌ನಲ್ಲಿ ‘ಙುವಾನ್’. ಲುವೋದಲ್ಲಿ ‘ಅಙ್ವೆನ್’. ಮಸಾಯಿಯಲ್ಲಿ ‘ಓಙ್ವಾನ್’. ಕಲೆಂಜಿನ್‌ನಲ್ಲಿ ‘ಅಙ್ವಾನ್’. ಮೂರೂ ಶಾಖೆಗಳಲ್ಲಿ ಅದೇ ಪದ! (ಙ ಅಕ್ಷರವನ್ನು ನಾವು ಶಾಲೆಯಲ್ಲಿ ಕಲಿತು ಅಲ್ಲೇ ಬಿಟ್ಟುಬಂದಿರುತ್ತೇವೆ. ಈ ಭಾಷೆಗಳಲ್ಲಿ ಪದ ಅದರಿಂದಲೇ ಶುರುವಾಗುವುದೂ ಉಂಟು, ಬರೆಯುವಾಗ ನನಗಂತೂ ಖುಷಿಯಾಗುತ್ತದೆ.) ಮಸಾಯಿಯಲ್ಲಿ ಕಣ್ಣುಗಳಿಗೆ ‘ಇಂಕೊನ್ಯೆಕ್’, ಕಲೆಂಜಿನ್‌ನಲ್ಲಿ ‘ಕೊನ್ಯೆಕ್’. ಮಸಾಯಿಯ ಮೊದಲಿನ ‘ಇನ್’ ಲಿಂಗ-ವಚನದ ಪ್ರತ್ಯಯ. ಅದನ್ನು ಕಳಚಿದರೆ ಎರಡೂ ಒಂದೇ.

ಈಗ ‘ಹತ್ತು’ ನೋಡಿ. ದಿಂಕಾದಲ್ಲಿ ‘ಥಿಯಾರ್’, ಲುವೋದಲ್ಲಿ ‘ಅಪಾರ್’, ಆದರೆ ಮಸಾಯಿಯಲ್ಲಿ ‘ಟೊಮೊನ್’, ಕಲೆಂಜಿನ್‌ನಲ್ಲಿ ‘ಟಮನ್’. ಸೊಮಾಲಿ ಭಾಷೆಯಲ್ಲಿ ಹತ್ತಕ್ಕೆ ‘ಟೊಬನ್’. ಸೊಮಾಲಿ ಕುಶಿಟಿಕ್ ಅನ್ನುವ ಬೇರೆಯೇ ಗುಂಪಿನ ಭಾಷೆ, ಹಳಬರ ಲೆಕ್ಕದಲ್ಲಿ ‘ಹ್ಯಾಮಿಟಿಕ್’. ಇದೊಂದೇ ಪದ ಹಿಡಿದು ಕೂತರೆ ಮಸಾಯಿ ಸೊಮಾಲಿಯ ನೆಂಟ ಅನ್ನಿಸುವುದು ಸಹಜ. ವಿದ್ವಾಂಸರು ಇದನ್ನು ಎರವಲು ಅಂತ ನೋಡುತ್ತಾರೆ. ಪೂರ್ವ ಮತ್ತು ದಕ್ಷಿಣ ಶಾಖೆಯ ಜನ ಕುಶಿಟಿಕ್ ಮಾತಾಡುವವರ ಪಕ್ಕದಲ್ಲಿ ಬಹಳ ಕಾಲ ಬಾಳಿದ್ದಾರೆ, ಅವರಿಂದ ಸಾಕಷ್ಟು ಪದಗಳನ್ನು ಪಡೆದಿದ್ದಾರೆ. ಹತ್ತಿರ ಬಾಳಿದ್ದಕ್ಕೆ ಬಂದ ಪದ ಒಂದು ಬಗೆ, ಹುಟ್ಟಿನಿಂದ ಬಂದ ಪದ ಇನ್ನೊಂದು ಬಗೆ. ಇವೆರಡನ್ನು ಬೇರೆ ಮಾಡುವುದೇ ವರ್ಗೀಕರಣದ ಮುಖ್ಯ ಕೆಲಸ.

ಈ ಕೆಲಸವನ್ನು ಸರಿಯಾಗಿ ಮಾಡಿದವರು ಇಬ್ಬರು. ಜರ್ಮನಿಯ ಓಸ್ವಿನ್ ಕೋಲರ್ 1950ರ ಸುಮಾರಿಗೆ ಪಶ್ಚಿಮ, ಪೂರ್ವ, ದಕ್ಷಿಣ ಅನ್ನುವ ಮೂರು ಶಾಖೆಗಳನ್ನು ಗುರುತಿಸಿದರು. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಅದೇ ಹೊತ್ತಿಗೆ ಹ್ಯಾಮಿಟಿಕ್ ಅನ್ನುವ ಇಡೀ ಕಲ್ಪನೆಯನ್ನೇ ಕೆಡವಿದರು. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಬ್ರಿಟನ್ನಿನ ಟಕರ್ ಮತ್ತು ಬ್ರಯನ್ 1966ರಲ್ಲೂ ‘ಪ್ಯಾರಾ-ನೈಲೋಟಿಕ್’ ಅನ್ನುವ ಹೊಸ ಹೆಸರು ಕೊಟ್ಟು ಹಳೆಯ ಗೋಡೆಯನ್ನು ಉಳಿಸಿಕೊಂಡರು. 1980ರ ದಶಕದಲ್ಲಿ ಫೋಸನ್ ಪೂರ್ವ ಶಾಖೆಯನ್ನೂ ರೋಟ್‌ಲಾಂಡ್ ದಕ್ಷಿಣ ಶಾಖೆಯನ್ನೂ ವಿವರವಾಗಿ ಪರಿಶೀಲಿಸಿದರು, ಡಿಮ್ಮೆಂಡಾಲ್ ಮೂಲ ನೈಲೋಟಿಕ್‌ನ ವ್ಯಂಜನಗಳನ್ನು ಪುನರ್ರಚಿಸಿದರು. ಈಗ ಈ ಮೂರು ಶಾಖೆಗಳ ಕುಟುಂಬದ ಬಗ್ಗೆ ತಕರಾರಿಲ್ಲ.

‘ಹಳೇ ಪದ ತಾನೇ, ಇದ್ದರೇನು’ ಅಂತ ಕೇಳುವವರಿಗೆ ಒಂದು ಮಾತು. ಇದೇ ಹ್ಯಾಮಿಟಿಕ್ ಸಿದ್ಧಾಂತವನ್ನು ರುವಾಂಡಾದಲ್ಲಿ ಟುಟ್ಸಿ ಜನರ ಮೇಲೆ ಹೊರಿಸಿದ್ದರು. ಟುಟ್ಸಿ, ಹುಟು ಇಬ್ಬರ ಮಾತೂ ಕಿನ್ಯರುವಾಂಡಾ, ಅದು ಬಾಂಟು ಅನ್ನುವ ಇನ್ನೊಂದು ದೊಡ್ಡ ಗುಂಪಿನ ಭಾಷೆ. ಆದರೂ ಟುಟ್ಸಿಗಳು ಹೊರಗಿನಿಂದ ಬಂದ ಹ್ಯಾಮಿಟಿಕ್ ಜನಾಂಗ ಅಂತ ವಸಾಹತು ಆಡಳಿತ ಬಿಂಬಿಸಿತು. 1930ರ ದಶಕದಲ್ಲಿ ಬೆಲ್ಜಿಯನ್ನರು ಗುರುತಿನ ಚೀಟಿಯಲ್ಲೇ ಹುಟು, ಟುಟ್ಸಿ ಅಂತ ಬರೆಸಿದರು. 1994ರ ಟುಟ್ಸಿ ನರಮೇಧದಲ್ಲಿ ಕೊಲ್ಲಲು ಬಂದವರು ರಸ್ತೆ ತಡೆದು ಕೇಳಿದ್ದು ಆ ಬಗೆಯ ಚೀಟಿಯನ್ನೇ, ಟುಟ್ಸಿಗಳನ್ನು ಹೊರಗಿನವರು ಅಂತ ಕರೆದದ್ದು ಆ ಕಥೆಯ ಬಲದಿಂದಲೇ. ಅದಕ್ಕೇ ಈ ಪದ ಪಾಠದಲ್ಲಿ ಸುಮ್ನೆ ಉಳಿದುಕೊಂಡಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ನೈಲೋ-ಸಹಾರನ್. ಇದು ನೈಲೋಟಿಕ್‌ಗೆ ಪರ್ಯಾಯ ಹೆಸರಲ್ಲ, ಅದಕ್ಕಿಂತ ಎಷ್ಟೋ ದೊಡ್ಡ ಗುಂಪು. ಗ್ರೀನ್‌ಬರ್ಗ್ 1963ರಲ್ಲಿ ನೈಲೋಟಿಕ್, ನುಬಿಯನ್, ಚಾಡ್ ಸರೋವರದ ಕಡೆಯ ಕನೂರಿ, ನೈಜರ್ ನದಿ ದಂಡೆಯ ಸೊಂಘಾಯ್ ಎಲ್ಲವನ್ನೂ ಒಂದೇ ಹೆಸರಿನಡಿ ತಂದರು. ಇಷ್ಟು ದೂರದ ಸಂಬಂಧವನ್ನು ಖಚಿತವಾಗಿ ತೋರಿಸುವಷ್ಟು ಪುರಾವೆ ಇನ್ನೂ ಕೂಡಿಲ್ಲ. ಇಥಿಯೋಪಿಯಾದ ಮುರ್ಸಿಯಂಥ ಸುರ್ಮಿಕ್ ಭಾಷೆಗಳು ನೈಲೋಟಿಕ್‌ಗೆ ಹತ್ತಿರ ಅಂತ ಹಲವರು ಒಪ್ಪುತ್ತಾರೆ, ಸೊಂಘಾಯ್ ಬಗ್ಗೆ ಅನುಮಾನ ಜಾಸ್ತಿ. ಲೋಕದ ಭಾಷೆಗಳನ್ನು ವರ್ಗೀಕರಿಸುವ ಗ್ಲಾಟೋಲಾಗ್ ಅನ್ನುವ ಆನ್‌ಲೈನ್ ಪಟ್ಟಿಯಲ್ಲಂತೂ ನೈಲೋಟಿಕ್ ಅನ್ನು ಸ್ವತಂತ್ರ ಕುಟುಂಬವಾಗಿಯೇ ಇಟ್ಟಿದ್ದಾರೆ. ಪರೀಕ್ಷೆಯಲ್ಲಿ ಹೀಗೆ ಬರೆಯಿರಿ: ನೈಲೋಟಿಕ್, ಮೂರು ಶಾಖೆ, ಇದು ಖಚಿತ, ನೈಲೋ-ಸಹಾರನ್ ಗ್ರೀನ್‌ಬರ್ಗ್ ಅವರ ಪ್ರಸ್ತಾಪ, ಚರ್ಚೆ ನಡೆಯುತ್ತಿದೆ.

ಪ್ರಶ್ನೆ: ಬೆಂಗಳೂರಿನ 10ಕೆ ಓಟವನ್ನು ಪ್ರತಿವರ್ಷ ನೋಡುತ್ತೇನೆ. ಕೀನ್ಯಾದವರ ಹೆಸರುಗಳಲ್ಲಿ ‘ಕಿಪ್’, ‘ಚೆಪ್’ ಅಂತ ಯಾಕೆ ಅಷ್ಟೊಂದು? ಇವರೂ ಒಬಾಮಾ ಅವರ ತಂದೆಯ ಬುಡಕಟ್ಟೂ ಒಂದೇನಾ?

ಉತ್ತರ: ಒಂದೇ ಅಲ್ಲ, ಆದರೆ ದೂರದ ನೆಂಟರು. ‘ಕಿಪ್’, ‘ಚೆಪ್’ ಹೆಸರುಗಳು ಕಲೆಂಜಿನ್ ಜನರವು, ಅಂದರೆ ದಕ್ಷಿಣ ಶಾಖೆ. ಒಬಾಮಾ ಅವರ ತಂದೆ ಲುವೋ, ಅಂದರೆ ಪಶ್ಚಿಮ ಶಾಖೆ. ಕೀನ್ಯಾದ 2019ರ ಜನಗಣತಿಯ ಪ್ರಕಾರ ಕಲೆಂಜಿನ್ ಸುಮಾರು 63 ಲಕ್ಷ, ಲುವೋ ಸುಮಾರು 50 ಲಕ್ಷ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಕನ್ನಡ ಮತ್ತು ಬಲೂಚಿಸ್ತಾನದ ಬ್ರಾಹುಯಿ ಒಂದೇ ಕುಟುಂಬ ಆದರೂ ನಮಗೆ ಬ್ರಾಹುಯಿ ತಿಳಿಯುವುದಿಲ್ಲ ಅಲ್ವಾ, ಹಾಗೆ.

ಕಲೆಂಜಿನ್‌ನಲ್ಲಿ ‘ಕಿಪ್’ ಗಂಡುಮಗುವಿಗೆ, ‘ಚೆಪ್’ ಅಥವಾ ‘ಜೆಪ್’ ಹೆಣ್ಣುಮಗುವಿಗೆ. ಮಗು ಹುಟ್ಟಿದ ಹೊತ್ತು, ಸಂದರ್ಭ ಅದಕ್ಕೆ ಸೇರುತ್ತದೆ. ದನ ಮನೆಗೆ ಬರುವ ಹೊತ್ತಿಗೆ ಹುಟ್ಟಿದರೆ ಕಿಪ್ರೋಟಿಚ್, ಹುಡುಗಿಯಾದರೆ ಚೆರೋಟಿಚ್. ಮಳೆ ಬರುವಾಗ ಹುಟ್ಟಿದರೆ ಕಿಪ್ರೋಪ್, ಚೆರೋಪ್. ಬೆಳಗಿನ ಜಾವವಾದರೆ ಕಿಪ್‌ಕೋಯೆಚ್, ಚೆಪ್‌ಕೋಯೆಚ್. ಹಾಗಾದರೆ 1500 ಮೀಟರ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಫೇತ್ ಕಿಪ್ಯೆಗಾನ್ ಹೆಣ್ಣುಮಗಳಾಗಿ ‘ಕಿಪ್’ ಯಾಕೆ ಅಂತ ಕೇಳಬಹುದು. ಅವರ ಪೂರ್ತಿ ಹೆಸರು ಫೇತ್ ಚೆಪ್ಙೆಟಿಚ್ ಕಿಪ್ಯೆಗಾನ್. ನಡುವಿನದು ಅವರದ್ದೇ ಹೆಸರು, ಕೊನೆಯದು ತಂದೆಯದು. ಟಿವಿಯಲ್ಲಿ ಕಾಣುವುದು ಕೊನೆಯದು ಮಾತ್ರ.

ಲುವೋದಲ್ಲೂ ಇಂಥದ್ದೇ ಪದ್ಧತಿ ಇದೆ, ಗಂಡಿಗೆ ‘ಓ’, ಹೆಣ್ಣಿಗೆ ‘ಅ’. ರಾತ್ರಿ ಹುಟ್ಟಿದರೆ ಓಟಿಯೆನೊ, ಅಟಿಯೆನೊ. ಬೆಳಗ್ಗೆಯಾದರೆ ಓಕಿನ್ಯಿ, ಅಕಿನ್ಯಿ. ಮಳೆಗೆ ಓಕೋಥ್, ಅಕೋಥ್. ಇದನ್ನು ನೋಡಿ ‘ಅದಕ್ಕೇ ಇವೆರಡೂ ಒಂದೇ ಕುಟುಂಬ’ ಅಂತ ಮಾತ್ರ ಹೇಳಬೇಡಿ. ಹೆಸರಿಡುವ ಪದ್ಧತಿ ಅಕ್ಕಪಕ್ಕದವರಿಂದಲೂ ಬರುತ್ತದೆ. ಮಳೆಯ ಪದ ಒಂದರಲ್ಲಿ ‘ರೋಪ್’, ಇನ್ನೊಂದರಲ್ಲಿ ‘ಕೋಥ್’, ಇವುಗಳಿಗೆ ಹೊಂದಿಕೆಯೇ ಕಾಣುವುದಿಲ್ಲ.

ಬುಡಕಟ್ಟು ಅಂದಿರಿ, ಅಲ್ಲೂ ಹುಷಾರಾಗಿರಬೇಕು. ವಿಕ್ಟೋರಿಯಾ ಸರೋವರದ ರುಸಿಂಗಾ, ಮ್ಫಂಗಾನೊ ದ್ವೀಪಗಳ ಸುಬಾ ಜನರ ಹಿರಿಯರ ಮಾತು ಬಾಂಟು. ಈಗ ಅವರಲ್ಲಿ ಹೆಚ್ಚಿನವರು ಲುವೋ ಮಾತಾಡುತ್ತಾರೆ. ತುರ್ಕಾನಾ ಸರೋವರದ ಎಲ್ಮೋಲೊ ಮೀನುಗಾರರ ಹಳೆಯ ಮಾತು ಕುಶಿಟಿಕ್, ಈಗ ಸಂಬುರು. ಭಾಷೆ ನೈಲೋಟಿಕ್ ಆದ ಮಾತ್ರಕ್ಕೆ ವಂಶವೂ ಅದೇ ಅಂತ ಹೇಳಲು ಬರುವುದಿಲ್ಲ. ‘ಕಲೆಂಜಿನ್’ ಅನ್ನುವ ಒಟ್ಟು ಹೆಸರು ಕೂಡ 1940ರ ದಶಕದ ಈಚೆಗೆ ಬಳಕೆಗೆ ಬಂದದ್ದು. ಅದಕ್ಕೂ ಮೊದಲು ಅವರು ನಾಂದಿ, ಕಿಪ್ಸಿಗಿಸ್, ಕೆಯ್ಯೊ ಅಂತ ಬೇರೆ ಬೇರೆಯಾಗಿಯೇ ಹೇಳಿಕೊಳ್ಳುತ್ತಿದ್ದರು.

ಪ್ರಶ್ನೆ: ನನ್ನ ಅಣ್ಣ ನೈರೋಬಿಯಲ್ಲಿದ್ದಾನೆ, ಸ್ವಾಹಿಲಿ ಕಲಿತಿದ್ದಾನೆ. ಅದೂ ನೈಲೋಟಿಕ್ಕಾ?

ಉತ್ತರ: ಅಲ್ಲ. ಸ್ವಾಹಿಲಿ, ಕಿಕುಯು, ಲುಹ್ಯಾ ಎಲ್ಲ ಬಾಂಟು ಭಾಷೆಗಳು. ಆದರೆ ಅಣ್ಣನ ಆಫೀಸಿನಲ್ಲಿ ಲುವೋ, ಕಲೆಂಜಿನ್ ಜನ ಇದ್ದೇ ಇರುತ್ತಾರೆ, ಅವರನ್ನು ಕೇಳಿದರೆ ನಾಲ್ಕು ಪದ ಖುಷಿಯಿಂದ ಹೇಳಿಕೊಡುತ್ತಾರೆ. ಬಹುವಚನ ಹೇಗೆ ಮಾಡುತ್ತೀರಿ ಅಂತ ಕೇಳಲು ಹೇಳಿ. ನಾವು ಕಲ್ಲು, ಕಲ್ಲುಗಳು ಅಂತ ಬಾಲ ಸೇರಿಸಿ ಮುಗಿಸುತ್ತೇವೆ. ಲುವೋದಲ್ಲಿ ಒಳಗಿನ ವ್ಯಂಜನವೇ ಬದಲಾಗುತ್ತದೆ. ಗುಡ್ಡ ‘ಗೊಟ್’, ಗುಡ್ಡಗಳು ‘ಗೊಡೆ’. ಕಲ್ಲು ‘ಕಿಡಿ’, ಕಲ್ಲುಗಳು ‘ಕಿಟೆ’. ಒಂದರಲ್ಲಿ ಟ ಹೋಗಿ ಡ ಬಂತು, ಇನ್ನೊಂದರಲ್ಲಿ ಡ ಹೋಗಿ ಟ ಬಂತು! ಮಸಾಯಿಯಲ್ಲಿ ಇನ್ನೂ ಮಜಾ ಇದೆ. ಯೋಧರಿಗೆ ‘ಇಲ್‌ಮುರ್ರಾನ್’, ಒಬ್ಬನೇ ಆದರೆ ‘ಓಲ್‌ಮುರ್ರಾನಿ’. ಮುಂದಿನ ಇಲ್, ಓಲ್ ಬಿಟ್ಟು ನೋಡಿದರೆ ಏಕವಚನಕ್ಕೇ ಬಾಲ, ಬಹುವಚನ ಬೋಳು. ಒಂಟಿಯಾಗಿ ಕಾಣದ, ಗುಂಪಾಗಿ ಕಾಣುವ ವಸ್ತುಗಳಿಗೆ ನೈಲೋಟಿಕ್ ಭಾಷೆಗಳು ಹೀಗೆ ಮಾಡುವುದು ಉಂಟು.

ಪ್ರಶ್ನೆ: ಆಫ್ರಿಕಾದ ಭಾಷೆಗಳಿಗೂ ದ್ರಾವಿಡ ಭಾಷೆಗಳಿಗೂ ಸಂಬಂಧ ಇದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಮ್ಮ ಉಡುಪಿಯ ವಿದ್ವಾಂಸರೊಬ್ಬರೇ ಹೇಳಿದ್ದಾರಂತೆ. ನಿಜವಾ?

ಉತ್ತರ: ಆ ವಿದ್ವಾಂಸರು ಯು.ಪಿ. ಉಪಾಧ್ಯಾಯರು, ತುಳು ನಿಘಂಟಿನ ಪ್ರಧಾನ ಸಂಪಾದಕರು. 1970ರ ದಶಕದಲ್ಲಿ ಅವರು ಸೆನೆಗಲ್‌ನ ಡಕಾರ್‌ನಲ್ಲಿ ಕೆಲಸ ಮಾಡಿದರು, ಪತ್ನಿ ಸುಶೀಲಾ ಉಪಾಧ್ಯಾಯರ ಜೊತೆ ಸೇರಿ ದ್ರಾವಿಡ ಮತ್ತು ಆಫ್ರಿಕನ್ ಭಾಷೆಗಳನ್ನು ಹೋಲಿಸಿ ಬರೆದರು. ಅವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ತುಳು ನಿಘಂಟು ಒಂದೇ ಸಾಕು ಅವರ ಹೆಸರು ಉಳಿಯಲು.

ಆದರೆ ಈ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪಿಲ್ಲ. ಕಾರಣ ಮೇಲೆ ಹೇಳಿದ್ದೇ. ಪ್ರತ್ಯಯ ಹಚ್ಚುವ ರೀತಿ, ವಾಕ್ಯದ ಕ್ರಮ, ಅಲ್ಲೊಂದು ಇಲ್ಲೊಂದು ಪದ ಹೋಲುವುದು, ಇವು ಎಷ್ಟೋ ಕಡೆ ಕಾಕತಾಳೀಯವಾಗಿ ಸಿಗುತ್ತವೆ. ಈಗಷ್ಟೇ ಲುವೋದ ‘ಕಿಡಿ’ ನೋಡಿದಿರಿ. ನಮ್ಮ ಬೆಂಕಿಯ ಕಿಡಿಗೂ ಅವರ ಕಲ್ಲಿಗೂ ಏನು ಸಂಬಂಧ? ಕಲ್ಲು ಉಜ್ಜಿದರೆ ಕಿಡಿ ಬರುತ್ತದೆ ಅಂತ ಕಥೆ ಕಟ್ಟುವುದು ಸುಲಭ, ವಾಟ್ಸಾಪ್‌ನಲ್ಲಿ ಓಡುವುದು ಅಂಥ ಕಥೆಗಳೇ. ಇನ್ನೊಂದು ವಿಷಯ, ಸೆನೆಗಲ್‌ನ ವೊಲೊಫ್ ನೈಲೋಟಿಕ್ ಅಲ್ಲ, ಅದು ನೈಜರ್-ಕಾಂಗೊ ಕುಟುಂಬದ್ದು. ‘ಆಫ್ರಿಕನ್ ಭಾಷೆ’ ಅಂತ ಒಂದೇ ಭಾಷೆ, ಒಂದೇ ಕುಟುಂಬ ಇಲ್ಲ. ಆ ಸಂದೇಶ ಮತ್ತೆ ಬಂದರೆ ಕಳಿಸಿದವರನ್ನು ಮೊದಲು ಕೇಳಿ, ಯಾವ ಭಾಷೆ, ಯಾವ ಪದಗಳು, ದ್ರಾವಿಡದ ಯಾವ ಧ್ವನಿಗೆ ಅಲ್ಲಿ ಯಾವ ಧ್ವನಿ ತಪ್ಪದೆ ಬರುತ್ತದೆ ಅಂತ.