ಕೆರೆ ಏರಿಯ ಕಲ್ಲನ್ನು ನೀವೇ ಓದಿ

ಮಾನ್ಯರೇ,

ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದ ನಿಮಗೆ, ಹಾಸನ ಜಿಲ್ಲೆಯ ನಿಮ್ಮೂರಿನ ಕೆರೆ ಏರಿಯ ಮೇಲಿನ ಶಾಸನವನ್ನು ಸ್ವತಃ ಓದಬೇಕೆಂಬ ಆಸೆ ಹುಟ್ಟಿದೆ. ‘ಹಳಗನ್ನಡದ ಗಂಧವಿಲ್ಲದ ನಾನು ತರಗತಿಗೆ ಸೇರಿ ಎಂ.ಎ. ಓದಿದ ಮಕ್ಕಳ ನಡುವೆ ಕೂರುವುದು ಹೇಗೆ? ಮನೆಯವರೇ ನಗುತ್ತಾರೆ’ ಎಂದು ಬರೆದಿದ್ದೀರಿ.

ನಗುವವರು ನಗಲಿ. ಆದರೆ ನಿಮಗೆ ಗಂಧವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಶಾಸನಗಳಲ್ಲಿ ಬಹಳಷ್ಟು ದಾನಶಾಸನಗಳೇ: ಯಾರು, ಯಾವ ತಿಥಿಯಂದು, ಎಷ್ಟು ಭೂಮಿಯನ್ನು, ಯಾವ ಎಲ್ಲೆಯೊಳಗೆ ಬಿಟ್ಟುಕೊಟ್ಟರು ಎಂಬ ವಿವರ. ಗದ್ಯಾಣವೆಂಬ ನಾಣ್ಯ, ಖಂಡುಗ, ಕೊಳಗವೆಂಬ ಧಾನ್ಯದ ಅಳತೆ, ಮತ್ತರು ಎಂಬ ಭೂಮಿಯ ಅಳತೆ, ಇವುಗಳ ಲೆಕ್ಕ. ಸಾಹಿತ್ಯದ ವಿದ್ಯಾರ್ಥಿಗಳು ಬೇಸರದಿಂದ ದಾಟಿಬಿಡುವ ಸಾಲುಗಳಲ್ಲಿ ನಿಮ್ಮ ಕಣ್ಣು ನಿಲ್ಲುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಸಂವತ್ಸರದ ಹೆಸರಿನೊಡನೆ ಅದನ್ನು ತಾಳೆ ನೋಡುವುದು ನಿಮಗೆ ಹೊಸ ಕೆಲಸವೇನಲ್ಲ.

ಬಿ. ಎಲ್. ರೈಸ್ ಅವರನ್ನೇ ನೋಡಿ. ಅವರು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದರು. ಶಾಲೆಗಳ ಕೆಲಸದ ನಡುವೆ ಕಲ್ಲುಗಳ ಬೆನ್ನು ಹತ್ತಿದರು. ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಜೋಡಿಸಿರುವುದರಿಂದ, ಮೊದಲು ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟದಲ್ಲಿ ನಿಮ್ಮೂರಿನ ಹೆಸರು ಹುಡುಕಿ. ಸಿಕ್ಕರೂ ಅಲ್ಲಿ ಅಚ್ಚಾದ ಶಾಸನದ ಪಾಠವನ್ನು ಆಗಲೇ ಓದಬೇಡಿ. ಕಲ್ಲಿನ ಮುಂದೆ ಕುಳಿತು ನಿಮ್ಮ ಪಾಠ ಬರೆದುಕೊಂಡ ಮೇಲೆ ಹೋಲಿಸಿ.

ಎಲ್ಲಿಂದ ಆರಂಭಿಸಬೇಕು? ಕೊನೆಯಿಂದ. ದಾನಶಾಸನಗಳು ಹೆಚ್ಚಾಗಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪಶ್ಲೋಕದಿಂದ ಮುಗಿಯುತ್ತವೆ. ತಾನು ಕೊಟ್ಟದ್ದಾಗಲಿ, ಪರರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿ. ಗೊತ್ತಿರುವ ಮಾತು ಗೊತ್ತಿಲ್ಲದ ಲಿಪಿಯನ್ನು ಬಿಡಿಸಿಕೊಡುತ್ತದೆ. ಅಲ್ಲಿ ಗುರುತು ಹಿಡಿದ ‘ದ’ ಮತ್ತು ‘ತ’ಗಳನ್ನು ಮೇಲಿನ ಸಾಲುಗಳಲ್ಲಿ ಹುಡುಕಿ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಱ, ೞ ಎಂಬ ಬಳಕೆ ತಪ್ಪಿದ ಅಕ್ಷರಗಳೂ ಎದುರಾಗುತ್ತವೆ. ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಎಳೆಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಸವೆದ ಗೆರೆಯೂ ನೆರಳು ಹಿಡಿದು ಮೇಲೇಳುತ್ತದೆ. ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆದರೆ ಸಾಕು. ಸುಣ್ಣ, ಬಣ್ಣ, ತಂತಿಯ ಬ್ರಷ್ಷು ಖಂಡಿತ ಬೇಡ.

ಇನ್ನು ತರಗತಿಯ ಅಳುಕು. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಪಾಠ ನಡೆಸುತ್ತ ಬಂದಿದೆ, ವಿಚಾರಿಸಿ, ಸೇರಿಕೊಳ್ಳಿ. ಆರಂಭದಲ್ಲಿ ನೀವು ಹಿಂದೆ ಬೀಳುವುದು ಖಚಿತ. ಇಷ್ಟು ವರ್ಷ ಕಚೇರಿಯಲ್ಲಿ ಕಿರಿಯರು ನಿಮ್ಮ ಮೇಜಿನ ಬಳಿ ಬಂದು ಕೇಳುತ್ತಿದ್ದರು. ಈಗ ಮಗಳ ವಯಸ್ಸಿನ ಹುಡುಗಿಯ ಕಡೆ ತಿರುಗಿ ‘ಇದು ಯಾವ ಅಕ್ಷರಮ್ಮ?’ ಎಂದು ನೀವು ಕೇಳಬೇಕು. ಮುಜುಗರವಾಗುತ್ತದೆ. ಆದರೂ ಕೇಳಿ. ಕೇಳಿದ ದಿನ ಆ ಅಕ್ಷರ ನಿಮ್ಮದಾಗುತ್ತದೆ. ಕೇಳದೆ ಮನೆಗೆ ಬಂದರೆ ಅದರ ಜೊತೆಗೆ ಮಾರನೆಯ ಪಾಠವೂ ಕೈತಪ್ಪುತ್ತದೆ.

ಓದಲಾಗದ ಕಡೆ ಊಹಿಸಿ ತುಂಬಬೇಡಿ. ಸಂಪಾದಿತ ಪಾಠಗಳಲ್ಲಿ ಮಾಡುವಂತೆ ಆ ಜಾಗದಲ್ಲಿ ಚುಕ್ಕಿಗಳನ್ನಿಡಿ. ಚುಕ್ಕಿಗಳೇ ಹೆಚ್ಚಿದ್ದರೂ ಚಿಂತೆಯಿಲ್ಲ, ಕಲ್ಲಿನ ಫೋಟೊ ಸಹಿತ ನಮಗೆ ಕಳುಹಿಸಿ. ತಿಳಿದವರಿಗೆ ತೋರಿಸಿ ಪ್ರಕಟಿಸುತ್ತೇವೆ.

– ಸಂಪಾದಕ