ಕೆನಡಾದ ಮೇಟಿ ಜನರ ಮಣಿ ಕಸೂತಿಯಲ್ಲಿ ಹೂಬಳ್ಳಿಗಳೇ ಯಾಕೆ ಜಾಸ್ತಿ?

ಅವರ ಬೆರಕೆ ಹುಟ್ಟು, ಬಾಳಿದ ನೆಲ ಎರಡನ್ನೂ ಆ ಬಳ್ಳಿಗಳು ಒಟ್ಟಿಗೆ ತೋರಿಸುತ್ತವೆ. ಮೇಟಿ ಅಂದರೆ ಕ್ರೀ, ಒಜಿಬ್ವೆಯಂಥ ಮೂಲನಿವಾಸಿ ತಾಯಂದಿರು ಮತ್ತು ಯುರೋಪಿನ ತುಪ್ಪಳ ವ್ಯಾಪಾರಿಗಳಿಂದ ಬೆಳೆದ ಸಮುದಾಯ. ಗಾಜಿನ ಮಣಿ ಯುರೋಪಿನದು. ಹದ ಮಾಡಿದ ಚರ್ಮ, ಅದನ್ನು ಸಿಂಗರಿಸುವ ಕೈಚಳಕ ತಾಯಿ ಕಡೆಯದು. ಹೂವಿನ ವಿನ್ಯಾಸದಲ್ಲಿ ಇಬ್ಬರ ಪಾಲೂ ಇದೆ.

ಹೊಲಿಗೆಯೂ ಬಳ್ಳಿಗೆ ಒಗ್ಗುತ್ತದೆ. ಒಂದು ದಾರಕ್ಕೆ ಮಣಿ ಪೋಣಿಸಿ, ಇನ್ನೊಂದು ದಾರದಿಂದ ಎರಡು ಮೂರು ಮಣಿಗೊಮ್ಮೆ ಚರ್ಮಕ್ಕೆ ಹೊಲಿಯುತ್ತಾರೆ. ಹಾಗಾಗಿ ಸಾಲು ಹೇಗೆ ಬೇಕಾದರೂ ಬಾಗುತ್ತದೆ.

ಇಂದಿನ ಮೇಟಿ ಕಲಾವಿದೆ ಕ್ರಿಸ್ಟಿ ಬೆಲ್ಕೋರ್ಟ್ ಇದನ್ನೇ ಕ್ಯಾನ್ವಾಸಿಗೆ ತಂದಿದ್ದಾರೆ. ಮಣಿಗಳಂತೆ ಒತ್ತೊತ್ತಾಗಿ ಬಣ್ಣದ ಚುಕ್ಕಿ ಇಟ್ಟು ಗಿಡಗಳನ್ನು ಬರೆಯುತ್ತಾರೆ. ಸುಮ್ನೆ ಅಲಂಕಾರಕ್ಕಾದರೆ ಹೂವೇ ಸಾಕಿತ್ತು, ಅಲ್ವಾ? ಅವರು ಮಣ್ಣೊಳಗಿನ ಬೇರನ್ನೂ ಬರೆಯುತ್ತಾರೆ. ನನಗೆ ತುಂಬ ಹಿಡಿಸುವುದು ಅದೇ.