ಓದುಗರ ಕಟ್ಟೆ: ತಲೆಬುಡವಿಲ್ಲದ ಪೋಲಿ ಫೈಟಿಂಗ್ ಸೀರೀಸು, ಆದರೂ ಬಿಡಲಾಗದು

ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳು ಒಂದೇ ವಿಷಯದ ಸುತ್ತ ಇವೆ. ಹೊಡೆದಾಟ, ಪೋಲಿ ಜೋಕು, ಅಡ್ಡಾದಿಡ್ಡಿ ಕತೆ, ಮೂರೂ ಬೆರೆತ ಟೀವಿ ಸೀರೀಸ್‌ಗಳು. ಅವು ಶ್ರೇಷ್ಠ ಎಂದು ಯಾರೂ ವಾದಿಸಿಲ್ಲ. ಹಿಡಿಸಿದ್ದಂತೂ ನಿಜ, ಹೇಗೆ ನೋಡೋಣ ಎಂದು ಕೇಳಿದ್ದಾರೆ.

ಪ್ರಶ್ನೆ: ‘ಪೀಸ್‌ಮೇಕರ್’ ಸೀರೀಸನ್ನು ಬೈಯುತ್ತಲೇ ಶುರು ಮಾಡಿದೆ. ಕತೆ ತುಂಬ ತೂತು, ಬಾಯಿ ತೆರೆದರೆ ಕೊಳಕು ಮಾತು. ಆದರೂ ಮೊದಲ ಸೀಸನ್ನಿನ ಎಂಟೂ ಕಂತು ಎರಡೇ ರಾತ್ರಿಯಲ್ಲಿ ಮುಗಿದುವು. ಇದು ಹೇಗೆ ಹಿಡಿದು ಕೂರಿಸುತ್ತದೆ?
— ವಿದ್ಯಾನಗರ, ದಾವಣಗೆರೆ

ಉತ್ತರ: ಇದನ್ನು ಅಮೆರಿಕದ ನಿರ್ದೇಶಕ ಜೇಮ್ಸ್ ಗನ್ ತಮ್ಮ 2021ರ ‘ದಿ ಸುಸೈಡ್ ಸ್ಕ್ವಾಡ್’ ಚಿತ್ರದ ಒಂದು ಪಾತ್ರವನ್ನು ಎತ್ತಿಕೊಂಡು ಬೆಳೆಸಿದರು. 2022ರ ಜನವರಿಯಲ್ಲಿ ಶುರುವಾದ ಮೊದಲ ಸೀಸನ್ನಿನ 8 ಕಂತುಗಳನ್ನೂ ಬರೆದವರು ಅವರೊಬ್ಬರೇ. ಇದರ ಲಾಭ ಜೋಕುಗಳಲ್ಲಿ ಕಾಣುತ್ತದೆ. ಮೊದಲ ಕಂತಿನಲ್ಲಿ ಸುಮ್ಮನೆ ಬಂದು ಹೋದ ಮಾತು ಆರನೆಯದರಲ್ಲಿ ತಿರುಗಿ ಬಂದು ನಗಿಸುತ್ತದೆ, ಕೆಲವೊಮ್ಮೆ ಕರುಳು ಹಿಂಡುತ್ತದೆ.

ಎರಡನೆಯದು, ಪೋಲಿತನದ ಅಡಿಯಲ್ಲಿರುವ ನೋವು. ಜಾನ್ ಸೀನಾ ಮಾಡಿದ ನಾಯಕ ಬಾಯಿಬಡುಕ, ಒರಟ, ಪೆದ್ದ. ಆದರೆ ಅವನಿಗೆ ಬೇಕಾಗಿರುವುದು ಅಪ್ಪನ ಒಂದು ಒಳ್ಳೆಯ ಮಾತು. ಆ ಅಪ್ಪನೋ ದ್ವೇಷವನ್ನೇ ಉಂಡು ಬೆಳೆದವನು. ಆ ಪಾತ್ರದಲ್ಲಿ ರಾಬರ್ಟ್ ಪ್ಯಾಟ್ರಿಕ್ ಒಂದು ಕ್ಷಣವೂ ಹಾಸ್ಯಕ್ಕೆ ಜಾರುವುದಿಲ್ಲ. ಪೋಲಿ ಸೀರೀಸ್ ನಿಲ್ಲುತ್ತದೋ ಬೀಳುತ್ತದೋ ಅಂತ ಗೊತ್ತಾಗುವುದು ಇಲ್ಲೇ. ಜೋಕುಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟ ಮೇಲೆ ನಾಯಕನಿಗೆ ತೀರಾ ಬೇಕಾದದ್ದು ಒಂದಾದರೂ ಉಳಿಯುತ್ತದೆಯೇ? ಉಳಿದರೆ ಕತೆಯ ಹತ್ತು ತೂತುಗಳನ್ನು ಮನಸ್ಸು ತಾನೇ ಮುಚ್ಚಿಕೊಳ್ಳುತ್ತದೆ.

ಶುರುವಿನ ಕುಣಿತವನ್ನು ‘ಸ್ಕಿಪ್’ ಒತ್ತಿ ದಾಟಿದ್ದರೆ ವಾಪಸ್ ಹೋಗಿ ನೋಡಿ. ನಾರ್ವೆಯ ವಿಗ್ ವ್ಯಾಮ್ ತಂಡದ ಹಾಡಿಗೆ ಎಲ್ಲ ಪಾತ್ರಗಳೂ ಕುಣಿಯುತ್ತವೆ, ಒಬ್ಬರ ಮುಖದಲ್ಲೂ ನಗುವಿಲ್ಲ. ಮುಂದಿನ ಮುಕ್ಕಾಲು ಗಂಟೆಯನ್ನು ಹೇಗೆ ನೋಡಬೇಕೆಂದು ಅಲ್ಲಿಯೇ ಹೇಳಿಬಿಟ್ಟಿದ್ದಾರೆ: ನಡೆಯುವುದು ಹುಚ್ಚಾಟ, ಮಾಡುವವರಿಗೆ ಮಾತ್ರ ಜೀವ-ಸಾವಿನ ವಿಷಯ. ನಟ ತಾನೇ ನಕ್ಕರೆ ಈ ಬಗೆಯ ಹಾಸ್ಯ ಅಲ್ಲಿಗೇ ಸತ್ತುಹೋಗುತ್ತದೆ.

ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿನವರಿಗೆ ಕತೆ ಕಟ್ಟುವ ಈ ಬಗೆ ಹೊಸದಲ್ಲ. ಕಂಪನಿ ನಾಟಕದಲ್ಲಿ ತಾಯಿ ಅತ್ತು ಮುಗಿಸುತ್ತಿದ್ದಂತೆ ಪರದೆ ಬೀಳುತ್ತದೆ, ಮುಂಭಾಗಕ್ಕೆ ಹಾಸ್ಯದ ಜೋಡಿ ಬಂದು ಎರಡರ್ಥದ ಮಾತಾಡುತ್ತದೆ, ಅಷ್ಟರಲ್ಲಿ ಹಿಂದೆ ಸೆಟ್ ಬದಲಾಗಿರುತ್ತದೆ. ಸೀರೀಸ್‌ನಲ್ಲೂ ಜೋಕಿನ ಮರೆಯಲ್ಲಿಯೇ ಕತೆ ಜಾಗ ಬದಲಿಸುವುದು. ನಡುವಿನ ಕಂತುಗಳಲ್ಲಿ ಕತೆ ಎಳೆದಂತಾಗುವುದೂ ನಿಜ; ಅದಕ್ಕೆ ಕಾರಣ ಕೆಳಗೆ ಜಗಳೂರಿನವರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ಜೊತೆಗೆ ಕೂತ ತಮ್ಮ ಎಂಜಿನಿಯರಿಂಗ್ ಓದುತ್ತಿದ್ದಾನೆ. ‘ಅಷ್ಟು ಗುಂಡು ಎಲ್ಲಿಂದ ಬಂತು, ಅಷ್ಟು ಏಟು ತಿಂದು ಹೇಗೆ ಎದ್ದ’ ಎಂದು ಪ್ರತಿ ಫೈಟಿಗೂ ತಕರಾರು. ತಪ್ಪು ಇರುವುದು ಅವನಲ್ಲೋ ಸೀರೀಸ್‌ನಲ್ಲೋ?
— ಹೊಳಲ್ಕೆರೆ

ಉತ್ತರ: ಲೆಕ್ಕ ಅವನದೇ ಸರಿ. ಸಾಮಾನ್ಯ 9 ಎಂಎಂ ಪಿಸ್ತೂಲಿನ ಮ್ಯಾಗಜೀನಿನಲ್ಲಿ 15ರಿಂದ 17 ಗುಂಡು, ರಿವಾಲ್ವರಿನಲ್ಲಿ ಹೆಚ್ಚಾಗಿ 6. ಸೈಲೆನ್ಸರ್ ಹಾಕಿದರೆ ‘ಪುಸ್’ ಎಂದಷ್ಟೇ ಕೇಳುವುದೂ ಸುಳ್ಳು. ಸುಮಾರು 160 ಡೆಸಿಬೆಲ್ ಇರುವ ಸದ್ದು 130ರ ಆಸುಪಾಸಿಗೆ ಇಳಿಯುತ್ತದೆ, ಪಕ್ಕದ ಮನೆಯವರು ಎದ್ದೇ ಏಳುತ್ತಾರೆ. ತಲೆಗೆ ಏಟು ಬಿದ್ದು ಅರ್ಧ ಗಂಟೆ ಎಚ್ಚರ ತಪ್ಪಿದವನು ಎದ್ದು ಓಡುವುದಿಲ್ಲ, ಅವನನ್ನು ಆಸ್ಪತ್ರೆಗೆ ಸೇರಿಸಬೇಕು. ಎಲುಬು ಮುರಿದ ಸದ್ದಿಗೆ ಧ್ವನಿ ಕಲಾವಿದರು ಸೆಲರಿ ಎಂಬ ಸೊಪ್ಪಿನ ದಂಟು ಮುರಿಯುವುದು ಹಳೆಯ ರೂಢಿ.

ಆದರೆ ಇವೆಲ್ಲ ಆ ಆಟದ ಕಾನೂನು. ಬಯಲಾಟದಲ್ಲಿ ರಾಕ್ಷಸ ಎರಡು ಸುತ್ತು ಕುಣಿದರೆ ಕಾಡು ದಾಟಿದ ಹಾಗೆ, ಯಾರೂ ಮೈಲಿ ಎಣಿಸುವುದಿಲ್ಲ. 1983ರಿಂದ 87ರವರೆಗೆ ಬಂದ ಅಮೆರಿಕದ ‘ದಿ ಎ-ಟೀಮ್’ನಲ್ಲಿ ಗುಂಡಿನ ಮಳೆಯೇ ಸುರಿಯುತ್ತಿತ್ತು, ಸಾಯುವವರು ಮಾತ್ರ ತೀರಾ ವಿರಳ. ನೋಡುಗರು ಅದನ್ನು ಒಪ್ಪಿಕೊಂಡೇ ಕೂರುತ್ತಿದ್ದರು.

ಸೀರೀಸ್ ತನ್ನ ಕಾನೂನನ್ನು ತಾನೇ ಮುರಿದಾಗ ತಕರಾರು ಮಾಡಿ. ಎರಡನೇ ಕಂತಿನಲ್ಲಿ ಹತ್ತು ಜನರನ್ನು ಮಣಿಸಿದವನು ಐದನೆಯದರಲ್ಲಿ ಒಬ್ಬನ ಕೈಗೆ ಸುಲಭವಾಗಿ ಸಿಕ್ಕಿಬಿದ್ದರೆ, ಅದು ಕತೆಗೆ ಬೇಕೆಂದು ಮಾಡಿದ ಮೋಸ. ಜೇಬಿನಲ್ಲಿ ಫೋನ್ ಇದ್ದೂ ಯಾರೂ ಕರೆ ಮಾಡದಿದ್ದರೆ ಅದು ಬರೆದವರ ಸೋಮಾರಿತನ. ಫೈಟಿನಲ್ಲಿ ಒಂದೊಂದು ಏಟಿಗೂ ಶಾಟ್ ಕತ್ತರಿಸಿ, ಕ್ಯಾಮೆರಾ ಅಲ್ಲಾಡಿಸಿ, ಯಾರು ಯಾರಿಗೆ ಹೊಡೆದರೆಂದು ತಿಳಿಯದಂತೆ ಮಾಡಿದ್ದರೆ, ಹೆಚ್ಚಾಗಿ ತಾಲೀಮಿಗೆ ಸಮಯ ಸಿಕ್ಕಿರುವುದಿಲ್ಲ. ನಟನ ತಲೆಯಿಂದ ಕಾಲಿನವರೆಗೆ ಕಾಣುವಂತೆ ನಾಲ್ಕಾರು ಸೆಕೆಂಡು ಕತ್ತರಿಸದೆ ತೋರಿಸಿದ ಫೈಟು ಸಿಕ್ಕರೆ ಮೆಚ್ಚಿಕೊಳ್ಳಿ, ಅದರ ಹಿಂದೆ ಅನೇಕ ದಿನಗಳ ಬೆವರಿದೆ. ತಮ್ಮನ ಕೈಗೆ ಈ ಕೆಲಸ ಕೊಡಿ: ಗುಂಡು ಎಣಿಸುವ ಬದಲು ಶಾಟ್ ಎಣಿಸಲಿ.

ಪ್ರಶ್ನೆ: ಮಾತು ಕೇಳಿಸುವುದಿಲ್ಲ ಎಂದು ವಾಲ್ಯೂಮ್ ಏರಿಸಿದರೆ ಬಾಂಬ್ ಸಿಡಿದು ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಟೀವಿ ಕೆಟ್ಟಿದೆಯೇ?
— ಕೋಟೆ ರಸ್ತೆ, ಚಿತ್ರದುರ್ಗ

ಉತ್ತರ: ಕೆಟ್ಟಿಲ್ಲ. ಈ ಸೀರೀಸ್‌ಗಳ ಸದ್ದನ್ನು ಆರು ಚಾನೆಲ್‌ಗೆ, ಅಂದರೆ 5.1ಕ್ಕೆ ಹದಮಾಡಿರುತ್ತಾರೆ. ಮಾತು ಬಹುಪಾಲು ನಡುವಿನ ಒಂದು ಸ್ಪೀಕರಿಗೆ, ಸ್ಫೋಟ ಉಳಿದ ಐದಕ್ಕೆ. ನಿಮ್ಮ ಟೀವಿಯಲ್ಲಿರುವುದು ಎರಡೇ ಪುಟ್ಟ ಸ್ಪೀಕರು, ಅವೂ ಹೆಚ್ಚಾಗಿ ಕೆಳಮುಖ. ಆರನ್ನು ಎರಡಕ್ಕೆ ಕುಗ್ಗಿಸುವಾಗ ಮಾತು ಸದ್ದಿನಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಮೊದಲು ಸೀರೀಸ್ ಓಡುತ್ತಿರುವಾಗಲೇ ಆಡಿಯೊ ಪಟ್ಟಿ ತೆರೆದು ನೋಡಿ. ಒಂದೇ ಭಾಷೆ ಎರಡು ಸಲ ಇದ್ದರೆ ‘5.1’ ಎಂದು ಬರೆಯದೇ ಇರುವುದನ್ನು ಆರಿಸಿ. ಪ್ರೈಮ್ ವಿಡಿಯೊದಲ್ಲಿ ಕೆಲವು ಶೀರ್ಷಿಕೆಗಳಿಗೆ ‘ಡೈಲಾಗ್ ಬೂಸ್ಟ್’ ಇದೆ, ‘ಮೀಡಿಯಂ’ ಸಾಕು. ಆಮೇಲೆ ಟೀವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ‘ಕ್ಲಿಯರ್ ವಾಯ್ಸ್’, ‘ನೈಟ್ ಮೋಡ್’, ‘ಆಟೊ ವಾಲ್ಯೂಮ್’, ಇವುಗಳಲ್ಲಿ ಯಾವ ಹೆಸರಿದೆಯೋ ಅದನ್ನು ಆನ್ ಮಾಡಿ. ‘ಸರೌಂಡ್’ ಎಂಬುದು ಆನ್ ಇದ್ದರೆ ಆಫ್ ಮಾಡಿ, ಮಾತನ್ನು ಮಸುಕಾಗಿಸುವುದು ಅದೇ. ಎರಡು ಸ್ಪೀಕರಿನ ಸೌಂಡ್‌ಬಾರ್ ಇದ್ದರೆ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ಗೆ ಇಡಿ. ಬಾಸ್ ಎರಡು ಹಂತ ತಗ್ಗಿಸಿ. ಇಷ್ಟು ಮಾಡಿದರೆ ಹಗಲಿನ ವಾಲ್ಯೂಮಿಗಿಂತ ಕಡಿಮೆಯಲ್ಲೇ ಪಿಸುಮಾತಿನ ಜೋಕೂ ಕಿವಿಗೆ ಬೀಳುತ್ತದೆ.

ಪ್ರಶ್ನೆ: ಹೊಸ ಟೀವಿಯಲ್ಲಿ ಅದೇ ಫೈಟು ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತದೆ, ಏಟು ಬಿದ್ದಂತೆಯೇ ಅನಿಸುವುದಿಲ್ಲ.
— ಹರಿಹರ

ಉತ್ತರ: ಸೆಕೆಂಡಿಗೆ 24 ಚಿತ್ರಗಳಂತೆ ತೆಗೆದದ್ದಕ್ಕೆ ಟೀವಿ ತಾನೇ ನಡುವೆ ಚಿತ್ರಗಳನ್ನು ಸೃಷ್ಟಿಸಿ ತುಂಬುತ್ತಿದೆ. ಚಲನೆ ನುಣುಪಾಗಿ, ಏಟಿನ ಝಟಕಾ ಹೋಗುತ್ತದೆ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’ ಎಂದು ಹುಡುಕಿ ಆಫ್ ಮಾಡಿ. ಕ್ರಿಕೆಟ್ಟಿಗೆ ಬೇಕಾದರೆ ಮತ್ತೆ ಹಾಕಿಕೊಳ್ಳಿ.

ಪ್ರಶ್ನೆ: ಪೋಲಿ ಜೋಕಿಗೆ ಜೋರಾಗಿ ನಗುತ್ತೇನೆ, ಆಮೇಲೆ ಹೆಂಗಸಾಗಿ ಇದಕ್ಕೆ ನಗಬಹುದೇ ಎಂದು ಮನಸ್ಸು ಚುಚ್ಚುತ್ತದೆ. ಗೆರೆ ಎಲ್ಲಿ ಎಳೆಯುವುದು?
— ಚನ್ನಗಿರಿ

ಉತ್ತರ: ನಗಲು ನಿಮಗಿರುವಷ್ಟು ಹಕ್ಕು ಇನ್ನಾರಿಗೂ ಇಲ್ಲ. ಮದುವೆ ಮನೆಯಲ್ಲಿ ಬೀಗರನ್ನು ಜರಿಯುವ ಹಾಡು ಕಟ್ಟಿ ಹಾಡಿದವರು ನಮ್ಮ ಅಜ್ಜಿಯರೇ. ಆ ಹಾಡುಗಳ ಪೋಲಿತನ ಎಂಥದೆಂದು ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತ ಬೀಗರಿಗೆ ಗೊತ್ತು. ಅಲ್ಲಿ ಗುರಿಯಾಗುತ್ತಿದ್ದುದು ಗತ್ತು: ಗಂಡಿನ ಕಡೆಯವರ ಜಂಬ, ಬೀಗಿತ್ತಿಯ ಬಿಂಕ.

ಇದೇ ಅಳತೆಗೋಲು ಹಿಡಿಯಿರಿ. ಜೋಕು ಮುಗಿದಾಗ ನೆಲಕ್ಕೆ ಬಿದ್ದವರು ಯಾರು? ತನ್ನ ಗಂಡಸ್ತನದ ಬಗ್ಗೆ ಕೊಚ್ಚಿಕೊಂಡವನೇ ಬಿದ್ದಿದ್ದರೆ ಜೋಕು ನೆಟ್ಟಗಿದೆ. ಏನೂ ಮಾಡದ ಹೆಣ್ಣೋ, ದಪ್ಪಗಿರುವವರೋ, ಮಂಗಳಮುಖಿಯೋ ಬರೀ ಇರುವುದಕ್ಕೇ ನಗೆಪಾಟಲಾದರೆ ಅದು ಹೊಲಸು. ಇನ್ನೊಂದು ಗುರುತು: ಹೆಣ್ಣು ಪಾತ್ರಗಳಿಗೂ ಪೋಲಿ ಮಾತು ಆಡುವ ಸರದಿ ಇದೆಯೇ, ಅಥವಾ ಅವು ಬರೀ ಮುಖ ಕೆಂಪಾಗಿಸಿಕೊಳ್ಳಲು ಇವೆಯೇ? ಮೂರನೆಯದು, ಒಪ್ಪಿಗೆ ಇಲ್ಲದೆ ಮೈ ಮುಟ್ಟುವುದನ್ನೇ ಜೋಕು ಮಾಡಿದ್ದರೆ ನಾವು ಅಲ್ಲಿಗೇ ನಿಲ್ಲಿಸುತ್ತೇವೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಒಂದೇ ಸೀರೀಸ್‌ನಲ್ಲಿ ಎರಡೂ ಬಗೆ ಬರುವುದುಂಟು. ಒಂದಕ್ಕೆ ನಕ್ಕು, ಇನ್ನೊಂದಕ್ಕೆ ‘ಥೂ’ ಅಂದರೆ ಸಾಕು. ನಕ್ಕಿದ್ದಕ್ಕೆ ಎಲ್ಲವನ್ನೂ ಸಮರ್ಥಿಸಬೇಕಾಗಿಲ್ಲ.

ಪ್ರಶ್ನೆ: ಜೋಕಿನ ಅರ್ಧ ಸಬ್‌ಟೈಟಲ್‌ನಲ್ಲೇ ಸಾಯುತ್ತದೆ. ಹಿಂದಿ ಡಬ್ಬಿಂಗ್ ಹಾಕಿದರೆ ಕೆಳಗಿನ ಸಾಲು ಒಂದು, ಮಾತು ಇನ್ನೊಂದು.
— ಚಳ್ಳಕೆರೆ

ಉತ್ತರ: ಹಿಂದಿ ಡಬ್ಬಿಂಗ್ ತುಟಿಯ ಚಲನೆಗೆ ಹೊಂದಿಸಿ, ಬೈಗುಳ ಮೆದುವಾಗಿಸಿ ಬರೆದದ್ದು, ಇಂಗ್ಲಿಷ್ ಸಬ್‌ಟೈಟಲ್ ಮೂಲ ಮಾತಿನದು. ಎರಡನ್ನೂ ಒಟ್ಟಿಗೆ ಹಾಕಿದರೆ ತಾಳ ತಪ್ಪುವುದು ಸಹಜ. ಮೂಲ ಧ್ವನಿ, ಜೊತೆಗೆ ‘ಸಿಸಿ’ ಎಂದಿರುವ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಆಡಿದ ಮಾತು ಆದಷ್ಟು ಪೂರ್ತಿ ಇರುವುದು ಅದರಲ್ಲೇ. ನೆಟ್‌ಫ್ಲಿಕ್ಸ್ ನಿಯಮದಂತೆ ಇಂಗ್ಲಿಷ್‌ನಲ್ಲಿ ಸಾಲಿಗೆ ಗರಿಷ್ಠ 42 ಅಕ್ಷರ, ಒಮ್ಮೆಗೆ ಎರಡೇ ಸಾಲು. ಪಾತ್ರಗಳು ಪಟಪಟ ಜಗಳವಾಡುವಾಗ ಕತ್ತರಿ ಬೀಳುವುದು ಅದಕ್ಕೇ. ನಟನ ಬಾಯಿಗಿಂತ ಮೊದಲು ಜೋಕಿನ ಕೊನೆ ನಿಮಗೆ ಕಂಡುಬಿಟ್ಟರೆ ಅಕ್ಷರದ ಗಾತ್ರ ಚಿಕ್ಕದು ಮಾಡಿ, ಕಣ್ಣು ಮುಖದ ಮೇಲೆ ಉಳಿಯುತ್ತದೆ. ಪದದ ಮೇಲಿನ ಆಟವಾದರೆ ಹತ್ತು ಸೆಕೆಂಡು ಹಿಂದೆ ಹೋಗಿ ಇನ್ನೊಮ್ಮೆ ಕೇಳಿ.

ಪ್ರಶ್ನೆ: ಮನೆಯಲ್ಲಿ ಎಂಟನೇ ಕ್ಲಾಸಿನ ಮಗ, ವಯಸ್ಸಾದ ಅತ್ತೆ. ಒಂದೇ ಟೀವಿ. ನನ್ನ ಸೀರೀಸು ಅವರ ಕಣ್ಣಿಗೆ ಬೀಳಬಾರದು.
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: 2021ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದಂತೆ ಒಟಿಟಿ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+ ಮತ್ತು ಎ ಎಂಬ ಐದು ದರ್ಜೆ ಇವೆ. 13+ ಮತ್ತು ಅದರ ಮೇಲಿನದಕ್ಕೆ ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ನೀವು ಹೇಳುವ ಬಗೆಯವು ಹೆಚ್ಚಾಗಿ ‘ಎ’.

ಮಗನಿಗೆ ಬೇರೆ ಪ್ರೊಫೈಲ್ ಮಾಡಿ 13+ಕ್ಕೆ ಮಿತಿ ಹಾಕಿದರೆ ಅರ್ಧ ಕೆಲಸ ಆಯಿತು. ಜನ ಮರೆಯುವುದು ಉಳಿದರ್ಧ: ನಿಮ್ಮ ಪ್ರೊಫೈಲಿಗೇ ಪಿನ್ ಹಾಕಬೇಕು, ಇಲ್ಲದಿದ್ದರೆ ಅವನು ನಿಮ್ಮ ಹೆಸರು ಒತ್ತಿ ಒಳಗೆ ಹೋಗುತ್ತಾನೆ. ನೆಟ್‌ಫ್ಲಿಕ್ಸ್ ಪಿನ್ ನಾಲ್ಕು ಅಂಕಿ, ಪ್ರೈಮ್‌ನದು ಐದು. ಮಗನ ಹುಟ್ಟಿದ ವರ್ಷ ಇಡಬೇಡಿ. ಅರ್ಧಕ್ಕೆ ನಿಲ್ಲಿಸಿದ ಕಂತಿನ ಚಿತ್ರ ‘ಮುಂದುವರಿಸಿ’ ಸಾಲಿನಲ್ಲಿ ದೊಡ್ಡದಾಗಿ ನಿಂತಿರುತ್ತದೆ. ಅದನ್ನು ಆ ಸಾಲಿನಿಂದ ತೆಗೆಯಿರಿ, ಅಥವಾ ಕಂತು ಪೂರ್ತಿ ಮುಗಿಸಿ ಏಳಿ. ಅತ್ತೆಯವರಿಗೆ ಪಿನ್‌ಗಿಂತ ಹೆಡ್‌ಫೋನ್ ಹೆಚ್ಚು ಉಪಯೋಗ.

ಪ್ರಶ್ನೆ: ಮೊಬೈಲ್ ಡೇಟಾ ದಿನಕ್ಕೆ 2 ಜಿಬಿ. ಒಂದು ಕಂತಿಗೇ ಖಾಲಿ. ಕತ್ತಲ ಫೈಟು ಚೌಕ ಚೌಕ ಕಾಣುತ್ತದೆ.
— ಮೊಳಕಾಲ್ಮೂರು

ಉತ್ತರ: ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ‘ಹೈ’ ಇಟ್ಟರೆ ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ, ‘ಮೀಡಿಯಂ’ 0.7, ‘ಲೋ’ 0.3. ನಲವತ್ತು ನಿಮಿಷದ ಕಂತು ಮೀಡಿಯಂನಲ್ಲಿ ಅರ್ಧ ಜಿಬಿಯೊಳಗೆ ಮುಗಿಯುತ್ತದೆ. ಹೊಗೆ, ಧೂಳು, ವೇಗದ ಚಲನೆಗೆ ಹೆಚ್ಚು ಡೇಟಾ ಬೇಕು. ಸಿಗದಾಗ ಚಿತ್ರ ಚೌಕಗಳಾಗಿ ಒಡೆಯುತ್ತದೆ. ವೈಫೈ ಇರುವ ಕಡೆ ಒಳ್ಳೆಯ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲಿ ನೋಡುವುದೇ ಪರಿಹಾರ.

ಪ್ರಶ್ನೆ: ಎಷ್ಟು ಕಂತು ನೋಡಿ ಕೈಬಿಡಬಹುದು? ನಡುವಿನ ಬೇಸರದ ಕಂತು ಹಾರಿಸಬಹುದೇ?
— ಜಗಳೂರು

ಉತ್ತರ: ಮೂರು. ಮೊದಲನೆಯದು ಪಾತ್ರ ಪರಿಚಯಕ್ಕೇ ಖರ್ಚಾಗುತ್ತದೆ, ಎರಡನೆಯದರಲ್ಲಿ ತಂಡ ಕೂಡುತ್ತದೆ, ಮೂರನೆಯದರಲ್ಲಿ ಅವರು ಒಬ್ಬರಿಗೊಬ್ಬರು ಹೇಗೆ ಜಗಳವಾಡುತ್ತಾರೆಂದು ಗೊತ್ತಾಗುತ್ತದೆ. ಆ ಜಗಳ ನಗಿಸದಿದ್ದರೆ ಮುಂದಿನ ಫೈಟುಗಳೂ ನಿಮ್ಮನ್ನು ಹಿಡಿಯುವುದಿಲ್ಲ. ನಾಲ್ಕರಿಂದ ಆರರವರೆಗೆ ಎಳೆತ ಕಾಣಲು ಕಾರಣ ಸರಳ: ಎರಡು ಗಂಟೆಗೆ ಸಾಕಾಗುವ ಕತೆಯನ್ನು ಐದಾರು ಗಂಟೆಗೆ ಹಿಗ್ಗಿಸಿರುತ್ತಾರೆ. ಆದರೂ ಹಾರಿಸಬೇಡಿ, ತಿರುಗಿ ಬರುವ ಜೋಕುಗಳ ಬೀಜ ಬಿತ್ತುವುದು ಅಲ್ಲೇ. ಫೋನ್ ಪಕ್ಕಕ್ಕಿಡಿ. 1982ರಲ್ಲಿ ‘ಪೊಲೀಸ್ ಸ್ಕ್ವಾಡ್!’ ಎಂಬ ಹಾಸ್ಯ ಸೀರೀಸನ್ನು ಅಮೆರಿಕದ ಎಬಿಸಿ ವಾಹಿನಿ 6 ಕಂತಿಗೇ ನಿಲ್ಲಿಸಿತು. ಕಾರಣವಾಗಿ ಹೇಳಿದ್ದು, ಅದನ್ನು ಕಣ್ಣಿಟ್ಟು ನೋಡಬೇಕಾಗುತ್ತದೆ ಎಂದು! ಹಿನ್ನೆಲೆಯ ಬೋರ್ಡು, ಮೂಲೆಯಲ್ಲಿ ನಿಂತವನ ಮುಖ, ಎಲ್ಲದರಲ್ಲೂ ಜೋಕು ಇಟ್ಟಿದ್ದರು.

ಪ್ರಶ್ನೆ: ಶನಿವಾರ ರಾತ್ರಿ ಐವರು ಗೆಳೆಯರು ಸೇರುತ್ತೇವೆ. ಗಲಾಟೆಯಲ್ಲಿ ಅರ್ಧ ತಪ್ಪಿಹೋಗುತ್ತದೆ.
— ಹಿರಿಯೂರು

ಉತ್ತರ: ರಾತ್ರಿಗೆ ಎರಡೇ ಕಂತು, ನಡುವೆ ಹದಿನೈದು ನಿಮಿಷ ಬಿಡುವು. ಮಾತೆಲ್ಲ ಆ ಬಿಡುವಿಗೆ. ಮೂರನೆಯ ಕಂತಿಗೆ ಪೋಲಿ ಜೋಕು ಸಪ್ಪೆಯಾಗುತ್ತದೆ, ಉಪ್ಪಿನಕಾಯಿ ಊಟ ಮಾಡಿದ ಹಾಗೆ. ಸೀರೀಸನ್ನು ಆಗಲೇ ನೋಡಿದವನು ಹಿಂದೆ ಕೂರಲಿ, ‘ಈಗ ನೋಡು’ ಅನ್ನುವ ಬಾಯಿಗೆ ಬೀಗ. ಗರಿಗರಿ ನರ್ಗೀಸ್ ಮಂಡಕ್ಕಿ ಅಗಿಯುವ ಸದ್ದಿಗೆ ಪಿಸುಮಾತು ಮುಳುಗುತ್ತದೆ. ಅದನ್ನು ಬಿಡುವಿಗೆ ಇಟ್ಟು, ಕಂತು ಓಡುವಾಗ ಒಗ್ಗರಣೆ ಹಾಕಿದ ಮೆತ್ತನೆಯ ಮಂಡಕ್ಕಿ ತಿನ್ನಿ. ಮಿರ್ಚಿ ಕಂತು ಶುರುವಾಗುವ ಮುಂಚೆಯೇ ಮುಗಿಯಲಿ, ಖಾರಕ್ಕೆ ನೀರು ತರಲು ಎದ್ದವನೇ ಹೆಚ್ಚು ಕಳೆದುಕೊಳ್ಳುವುದು.